ಸಿಸಿಲಿಯನ್ನು ನನಗೆ ಬಿಡಿ

ಈ ವರ್ಷ ಮಾಲ್ಟಾದ ಮಾನ ಉಳಿಸುವ ಭಾರವನ್ನು ನಾನೊಬ್ಬನೇ ಹೊರುವೆನೆಂದು ಊಟದ ಮೇಜಿನಲ್ಲಿ ಘೋಷಿಸಿದೆ. ಯೂರೋಪಿನ ದೇಶಗಳೆಲ್ಲ ಹಾಡಿ ಸೆಣಸುವ ಟಿವಿ ಸ್ಪರ್ಧೆಗೆ ನಮ್ಮಿಂದ ಹೊರಟವಳು ಬೇರಾರೂ ಅಲ್ಲ, ನನ್ನ ಹೆಂಡತಿ ಪಾವ್ಲಾಳ ತಂಗಿಯ ಮಗಳು ಮಾರ್ಟೀಸ್. ಅಲ್ಲಿ ತನ್ನ ದೇಶಕ್ಕೆ ತಾನೇ ವೋಟು ಹಾಕುವಂತಿಲ್ಲ. ಪುಟ್ಟ ದ್ವೀಪದವರಾದ ನಾವು ವರ್ಷವರ್ಷವೂ ಹೊರಗಿನ ನೆಂಟರ ಮುಂದೆ ಕೈಯೊಡ್ಡಿ ದಣಿದಿದ್ದೇವೆ.

"ಸಿಸಿಲಿಯನ್ನು ನನಗೆ ಬಿಡಿ," ಎಂದೆ.

"ನಿಮಗೆ ಬಿಟ್ಟಿದ್ದು ಯಾವುದು ದಡ ಸೇರಿದೆ?" ಎಂದಳು ಪಾವ್ಲಾ.

ಪಕ್ಕದ ಇಟಲಿಗೆ ಸೇರಿದ ಸಿಸಿಲಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಅಗಾತಾ ಇದ್ದಾಳೆ. ಅವಳ ಬೀದಿಯ ತುಂಬ ನೆಂಟರು. ಸೆಮಿಫೈನಲಿನಲ್ಲಿ ಮಾರ್ಟೀಸ್ ಏಳನೆಯವಳಾಗಿ ಹಾಡಿ ತೇರ್ಗಡೆಯಾದಳು. ಹಾಡುವ ಸರದಿಯೇ ವೋಟಿನ ನಂಬರು. ಮರುದಿನವೇ ಆ ನೆಂಟರನ್ನೆಲ್ಲ ಫೋನಿನ ಮುಂದೆ ಸಾಲಾಗಿ ನಿಲ್ಲಿಸಿ, ಏಳನೆಯ ನಂಬರಿಗೇ ವೋಟೆಂದು ಬಾಯಿಪಾಠ ಮಾಡಿಸಿದೆ. ನಿವೃತ್ತ ಮೇಷ್ಟ್ರಿಗೆ ಅಷ್ಟೂ ಬರದಿದ್ದರೆ ಹೇಗೆ? ಕಿವಿ ಮಂದವಾದ ಅಗಾತಾಳ ಅತ್ತೆಯಿಂದಲೂ ಹೇಳಿಸಿದೆ.

ಫೈನಲಿನ ದಿನ ನಾದಿನಿಯ ಸಂಸಾರವೆಲ್ಲ ನಮ್ಮ ಮನೆಯಲ್ಲೇ. ಏಳನೆಯ ಸರದಿಗೆ, ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡ ಉತ್ತರದ ಯಾವುದೋ ದೇಶದ ಗಡ್ಡಧಾರಿಯೊಬ್ಬ ಬಂದು ಗುಡುಗಿದ. ಫೈನಲಿಗೆ ಸರದಿಯನ್ನು ಹೊಸದಾಗಿ ಹಾಕುತ್ತಾರಂತೆ! ನಮ್ಮ ಹುಡುಗಿಯದು ಎಲ್ಲೋ ಕೊನೆಯ ಹತ್ತಿರ. ಅಡುಗೆಮನೆಗೆ ಓಡಿ ಅಗಾತಾಳಿಗೆ ಫೋನು ಹಚ್ಚಿದೆ. ಲೈನು ಸಿಗಲೊಲ್ಲದು. ಸಿಗುವುದಾದರೂ ಹೇಗೆ? ಶಿಸ್ತಿನ ಮಂದಿ, ವೋಟು ಹಾಕುತ್ತಿದ್ದರು.

ಜನರ ವೋಟಿನಲ್ಲಿ ಮಾಲ್ಟಾಕ್ಕೆ ಸೊನ್ನೆ ಬಂತು. ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಸೊನ್ನೆ ಕೊಟ್ಟವನು ನಾನು. ಅದು ಅಷ್ಟು ದುಂಡಗಿರುತ್ತದೆಂದು ಅಂದೇ ಕಂಡದ್ದು. ನಾದಿನಿ ಕಣ್ಣೊರೆಸಿಕೊಂಡಳು.

"ನಿಮ್ಮ ಸಿಸಿಲಿ ಏನಾಯ್ತು?" ಎಂದು ಪಾವ್ಲಾ ಮೆಲ್ಲಗೆ ಕೇಳಿದಳು. ಅಲ್ಲಿಯವರನ್ನು ನಂಬಬಾರದೆಂದು ಗೊಣಗಿ ಹೋಗಿ ಮಲಗಿದೆ.

ಮರುದಿನ ಚರ್ಚಿನಿಂದ ಬರುವಷ್ಟರಲ್ಲಿ ಅಗಾತಾಳೇ ಫೋನು ಮಾಡಿದಳು. ಪಾವ್ಲಾ ಸ್ಪೀಕರ್ ಒತ್ತಿ, ತಂಗಿಯನ್ನೂ ಹತ್ತಿರ ಕೂರಿಸಿಕೊಂಡಳು.

"ಅಣ್ಣಾ, ಒಬ್ಬರೂ ಬಿಡದ ಹಾಗೆ ಏಳಕ್ಕೇ ಹಾಕಿದ್ವಿ. ಟಿವಿಯವರು ಬೇರೆ ಯಾವುದೋ ದೇಶ ಅಂದ್ರು. ಮೇಷ್ಟ್ರಿಗಿಂತ ಅವರಿಗೆ ಜಾಸ್ತಿ ಗೊತ್ತಾ ಅಂತ ನಮ್ಮತ್ತೆ ಗದರಿಸಿಬಿಟ್ರು."

ಸ್ಪೀಕರ್ ಆರಿಸಲು ಕೈಚಾಚಿದೆ, ಪಾವ್ಲಾ ಫೋನನ್ನು ಆಚೆ ಸರಿಸಿದಳು. ಅಗಾತಾ ಮುಂದುವರಿಸಿದಳು:

"ನಾವು ಮಾರ್ಟೀಸನ್ನ ಕೂಸಾಗಿದ್ದಾಗ ಜ್ಞಾನಸ್ನಾನದಲ್ಲಿ ನೋಡಿದ್ದಲ್ವಾ, ಗುರುತೇ ಸಿಗಲಿಲ್ಲ. ಗಂಟಲು ಚೆನ್ನಾಗಿದೆ ಬಿಡು. ಆದ್ರೆ ಅಣ್ಣಾ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ, ಮದುವೆಗೆ ಮುಂಚೆ ಆ ಗಡ್ಡ ಒಂದು ತೆಗೆಸಿಬಿಡಿ."