ಹನ್ನೊಂದು ಮೂಕ ಇಯರ್‌ಫೋನ್‌ಗಳು

ನಮ್ಮ ಕಾಕಾ ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆ ಎಂಬ ನಾಲ್ಕು ಊರುಗಳಲ್ಲಿ ಒಟ್ಟು ಹನ್ನೊಂದು ಇಯರ್‌ಫೋನ್‌ಗಳನ್ನು ವಿಚಾರಣೆಗೆ ಗುರಿಪಡಿಸಿ, ಹನ್ನೊಂದಕ್ಕೆ ಹನ್ನೊಂದನ್ನೂ ಮೂಕವೆಂದು ತೀರ್ಪು ಕೊಟ್ಟ ಮಹಾನುಭಾವರು. ಎಂಬತ್ತರ ದಶಕ ಇನ್ನೂ ಎಳೆಯದಾಗಿದ್ದ ಆ ಕಾಲದಲ್ಲಿ ಈ ನಾಲ್ಕು ಊರು ಸೇರಿಸಿದರೂ ಅದಕ್ಕಿಂತ ಹೆಚ್ಚು ಇಯರ್‌ಫೋನ್‌ಗಳು ಮಾರಾಟಕ್ಕಿದ್ದವೋ ಇಲ್ಲವೋ! ಆ ಎಲ್ಲ ವಿಚಾರಣೆಗಳಿಗೂ ನಾನು ಪ್ರತ್ಯಕ್ಷ ಸಾಕ್ಷಿ. ಹುನಗುಂದದ ಹೈಸ್ಕೂಲಿನಲ್ಲಿ ಆಗಷ್ಟೇ ಮಾಸ್ತರಿಕೆ ಹಿಡಿದಿದ್ದ ನನಗೆ ರವಿವಾರ ಬಂತೆಂದರೆ ಕಾಕಾನ ಬುಲಾವು ಬರುತ್ತಿತ್ತು.

ಇಂದಿನವರಿಗೆ ಒಂದು ಮಾತು ಹೇಳಿಬಿಡಬೇಕು. ಈಗ ಇದು ಎರಡು ಕಿವಿಯ ವ್ಯವಹಾರ. ಆಗ ಒಂದೇ ಕಿವಿಯದು. ಅಂಗೈಯಗಲದ ಟ್ರಾನ್ಸಿಸ್ಟರಿಗೆ ಒಂದು ತೆಳ್ಳನೆಯ ತಂತಿ, ಅದರ ತುದಿಗೆ ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಗುಂಡು. ಯಾವ ಕಿವಿಗೆ ಇಟ್ಟುಕೊಳ್ಳಬೇಕೆಂಬುದು ಅವರವರ ಇಷ್ಟ. ಕಾಕಾನ ಇಷ್ಟ ಬಲಗಿವಿ. ಇದಕ್ಕೊಂದು ಸಿದ್ಧಾಂತವೂ ಇತ್ತು.

"ಬಲಗಿವಿ ಸರಕಾರದ್ದು, ಎಡಗಿವಿ ನಿಮ್ಮ ಕಾಕುಂದು. ಆಕಿ ಕರದ್ರ 'ಓ' ಅನ್ನಾಕ ಒಂದ್ ಕಿವಿ ಖುಲ್ಲಾ ಇರಬೇಕಲ್ಲೋ, ಲೇ ತಮ್ಮಾ!"

ಇಂಥ ಸೂಕ್ಷ್ಮ ವಿಚಾರಗಳು ಅವರಿಗೆ ಹೊಳೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಗಾದಿಯ ಮೇಲೆ ಕುಳಿತು, ನೇಕಾರರು ತಂದ ಸೀರೆಗಳನ್ನು ಮೂವತ್ತು ವರ್ಷ ಪರೀಕ್ಷಿಸಿದವರು. ಸೀರೆಯ ಮೈಯನ್ನು ಅವರು ನೋಡುತ್ತಲೇ ಇರಲಿಲ್ಲ. ಮೈಯೂ ಸೆರಗೂ ಕೂಡುವ ಜಾಗದಲ್ಲಿ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ಒಮ್ಮೆ ಮೆಲ್ಲಗೆ ಜಗ್ಗಿ, "ಇರ್ಲಿ" ಅಥವಾ "ಒಯ್ಯಿ" ಎನ್ನುತ್ತಿದ್ದರು. ಅಪೀಲು ಇಲ್ಲ! ಈ ಕೀರ್ತಿಯಿಂದಾಗಿ ಬಳಗದಲ್ಲಿ ಯಾರು ಏನು ಕೊಳ್ಳಬೇಕಾದರೂ, ಸೈಕಲ್ಲಿರಲಿ ಕೊಡೆಯಿರಲಿ, ಕಾಕಾ ಜಗ್ಗಿ ನೋಡದ ಹೊರತು ರೊಕ್ಕ ಬಿಚ್ಚುತ್ತಿರಲಿಲ್ಲ. ಒಮ್ಮೆ ವರ ನೋಡಲು ಕರೆದೊಯ್ದಾಗ, ಹುಡುಗ ಹೊಸ್ತಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಉಂಗುಟ ಜಗ್ಗಿ ನೋಡಿ "ಮಾಡಬಹುದು" ಅಂದರಂತೆ. ಆ ಸಂಸಾರ ಇಂದಿಗೂ ಗಟ್ಟಿಯಾಗಿದೆ.

ಇಂಥ ಪರೀಕ್ಷಕರಿಗೆ ಇಯರ್‌ಫೋನಿನ ಅಗತ್ಯ ಬಿದ್ದದ್ದು ಒಂದು ಕೂಸಿನಿಂದ. ಕಾಕಾ ರೇಡಿಯೋದ ಪರಮಭಕ್ತರು. ಕುರ್ಚಿಯ ಬಲಕ್ಕೆ ಒಂದು ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋ; ಮುಂಜಾನೆಯ ಸುದ್ದಿಯಿಂದ ಪೇಟೆ ಧಾರಣೆಯವರೆಗೆ ಒಂದನ್ನೂ ಬಿಟ್ಟವರಲ್ಲ. ವರ್ಷದಿಂದ ವರ್ಷಕ್ಕೆ ಅದರ ದನಿ ಏರುತ್ತ ಹೋಗಿ, ಅಕ್ಕಪಕ್ಕದವರಿಗೆ ಸ್ವಂತ ರೇಡಿಯೋ ಕೊಳ್ಳುವ ಖರ್ಚನ್ನು ಉಳಿಸಿತ್ತು. ಹೀಗಿರುವಾಗ ನಡುಗೋಡೆಯ ಆಚೆಗಿನ ಮನೆಗೆ ಮಗಳು ಬಾಣಂತನಕ್ಕೆ ಬಂದಳು. ಹದಿನೈದನೇ ದಿನ ಆ ಮನೆಯ ಅಜ್ಜಿ ಸೆರಗು ಹೊದ್ದು ಬಂದು ಬಾಗಿಲಲ್ಲಿ ನಿಂತರು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ರೇಡಿಯೋದಾವ 'ನಮಸ್ಕಾರ' ಅಂದ ಕೂಡಲೆ ಕೂಸು ಬೆಚ್ಚಿ ಬೀಳ್ತೈತ್ರಿ."

ಕಾಕಾ ಎದ್ದು ನಿಂತರು. ಅಜ್ಜಿಯ ಎದುರಿಗೇ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದರು. "ಕಿವಿಗೆ ಹಾಕೊಳ್ಳೂದು ತರ್ತೇನಿ. ಚಲೋದು ಸಿಗೂತನಾ ಈ ಮನಿಯಾಗ ರೇಡಿಯೋ ಬಂದ್. ಇದು ನನ್ನ ಮಾತು!"

'ಚಲೋದು' ಎಂಬ ಶಬ್ದ ಎಷ್ಟು ಅಪಾಯಕಾರಿ ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ಕಾಕು ಮಾತ್ರ ಒಳಗಿನಿಂದ ಹಣೆ ಹಣೆ ಬಡಿದುಕೊಂಡರು. ರೇಡಿಯೋ ಇಲ್ಲದೆ ಎರಡು ದಿನ ಚಡಪಡಿಸಿದ ಕಾಕಾ ಮೂರನೆಯ ದಿನ ಹಳೆಯ ಪೇಪರು ಹಿಡಿದು, ಸುದ್ದಿ ಓದುವವರ ಠೀವಿಯಲ್ಲಿ ತಾವೇ ಗಟ್ಟಿಯಾಗಿ ಓದತೊಡಗಿದರು. ಅಜ್ಜಿ ಮತ್ತೆ ಬಂದರು. "ಅಣ್ಣಾರ, ಅದರಕಿಂತ ರೇಡಿಯೋನ ಚಲೋ ಇತ್ತ್ರಿ!"

ಈ ಕಾಕುವಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಶಾಸ್ತ್ರ-ಸಂಪ್ರದಾಯ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಅಮಾವಾಸ್ಯೆಯ ದಿನವೇ ಊರಿಗೆ ಹೊರಡುವರು, ರಾಹುಕಾಲ ನೋಡಿಯೇ ಹೊಸ ಸೀರೆ ಉಡುವರು. "ಬಸವಣ್ಣನ ಒಕ್ಕಲಾದವರಿಗೆ ಎಲ್ಲಾ ಹೊತ್ತೂ ಚಲೋ ಹೊತ್ತ" ಎನ್ನುವರು. ಅಂಥವರು ನಾಲ್ಕೈದು ವರ್ಷಗಳಿಂದ ಒಂದೇ ಒಂದು ಶಾಸ್ತ್ರಕ್ಕೆ ಗಂಟು ಬಿದ್ದಿದ್ದರು. ಹೆಂಡತಿಯಾದವಳು ಗಂಡನ ಎಡಕ್ಕೇ ಇರಬೇಕು! ಮದುವೆಯ ಜಗುಲಿಯ ಮೇಲೆ ಒಂದು ತಾಸು ಪಾಲಿಸುವ ಈ ನಿಯಮವನ್ನು ಕಾಕು ಸಂತೆಯಲ್ಲಿ, ಊಟದಲ್ಲಿ, ಬಸ್ಸಿನಲ್ಲಿ ಪಾಲಿಸುತ್ತಿದ್ದರು. ಬಸ್ಸಿನಲ್ಲಿ ಎಡಕ್ಕೆ ಯಾರಾದರೂ ಕೂತಿದ್ದರೆ "ಏಳಪಾ, ಶಾಸ್ತ್ರ ಐತಿ" ಎಂದು ಎಬ್ಬಿಸುತ್ತಿದ್ದರು. ಇದೇನು ವಿಚಿತ್ರ, ಐವತ್ತು ದಾಟಿದ ಮೇಲೆ ಮದುಮಗಳ ಹುಚ್ಚು ಎಂದು ಬಳಗವೆಲ್ಲ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ಇರಲಿ, ವಿಚಾರಣೆಗೆ ಬರೋಣ. ಮೊದಲ ಕಟ್ಟೆ ಇಳಕಲ್ಲಿನ ರೇಡಿಯೋ ರಿಪೇರಿ ಅಂಗಡಿ. ಅಂಗಡಿಯವನು ನಾಲ್ಕು ರೂಪಾಯಿಯ ಇಯರ್‌ಫೋನೊಂದನ್ನು ಟ್ರಾನ್ಸಿಸ್ಟರಿಗೆ ಸಿಕ್ಕಿಸಿ ಅದರ ಕಿವಿ ತಿರುಗಿಸಹೋದ. ಕಾಕಾ ಕೈ ಅಡ್ಡ ಹಿಡಿದರು.

"ಚಾಲೂ ಮಾಡಬ್ಯಾಡ. ಮೊದಲ ಇದು ಸುಮ್ಮನಿರೂದನ್ನ ಕೇಳ್ತೇನಿ."

"ಸುಮ್ಮನಿರೂದನ್ನ ಏನ್ ಕೇಳ್ತೀರಿ ಯಜಮಾನ್ರ?"

"ಸುಮ್ಮನಿದ್ದಾಗ ಗುಂಯ್ ಅನ್ನಬಾರದು, ಚರ್ ಅನ್ನಬಾರದು. ಕೆಟ್ಟ ಮಾಲಿನ ಗುಣಾ ಅಲ್ಲೇ ತಿಳೀತೈತಿ."

ಗುಂಡನ್ನು ಧೋತರದ ಚುಂಗಿನಿಂದ ಒರೆಸಿ, ಬಲಗಿವಿಗೆ ಇಟ್ಟು, ಕಣ್ಣು ಮುಚ್ಚಿ ಐದು ನಿಮಿಷ ಕುಳಿತರು. ಈ ಮೌನಪರೀಕ್ಷೆಯಲ್ಲಿ ಮುಂದೆ ಹನ್ನೊಂದೂ ಇಯರ್‌ಫೋನ್‌ಗಳು ಮೊದಲ ದರ್ಜೆಯಲ್ಲಿ ಪಾಸಾದವು ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಎರಡನೆಯದು ಜಗ್ಗುವ ಪರೀಕ್ಷೆ. ತಂತಿಯೂ ಗುಂಡೂ ಕೂಡುವ ಕಡೆ ಎರಡು ಬೆರಳು. "ಸೀರಿ ಮೈಯಾಗ ಹರಿಯೂದಿಲ್ಲ, ಕೂಡೂ ಕಡೆ ಹರೀತೈತಿ. ಇದೂ ಹಂಗ." ಇದು ಎಷ್ಟು ನಿಜವೆಂಬುದು ನಾನು ಆಮೇಲೆ ಸ್ವಂತ ಖರ್ಚಿನಲ್ಲಿ ಕಲಿತ ಪಾಠ. ಮೂರನೆಯದು ರೊಟ್ಟಿ ಪರೀಕ್ಷೆ. ಮೇಲಿನ ಕಿಸೆಯಿಂದ ಕಾಕಾ ಒಂದು ಚೂರು ಕಟಕ್ ರೊಟ್ಟಿ ತೆಗೆದು ಕಟಂ ಎಂದು ಕಡಿದರು. ಅಂಗಡಿಯವನು ನನ್ನ ಮುಖ ನೋಡಿದ. ಏನೆಂದು ಹೇಳಲಿ? ಸುದ್ದಿ ಬರುವುದು ಊಟದ ಹೊತ್ತಿಗೆ. ಕಡಿದಾಗ ಕಿವಿಯಿಂದ ಜಾರಿ ಬೀಳುವ ಇಯರ್‌ಫೋನು ಯಾರಿಗೆ ಬೇಕು?

ನಾಲ್ಕನೆಯದಕ್ಕೆ ಪೇಟೆ ಧಾರಣೆ ಬರುವವರೆಗೆ ಕಾಯಬೇಕಾಯಿತು. ಅಂಗಡಿಯವನು "ಹಾಡು ಹಚ್ಚಲೇನ್ರಿ?" ಎಂದರೆ ಕಾಕಾ ತಲೆ ಅಲ್ಲಾಡಿಸಿದರು. "ಹಾಡಿನಾಗ ಮೋಸ ಐತಿ. ಹಾಡಾಕಿ ಚಲೋ ಇದ್ಲಂದ್ರ ತಗಡಿನ ಡಬ್ಬಿನೂ ಚಲೋ ಕೇಳಸ್ತೈತಿ. ಹತ್ತಿ ಎಷ್ಟು, ಶೇಂಗಾ ಎಷ್ಟು, ಅದು ತಿಳಿದ್ರ ಖರೆ."

ಧಾರಣೆ ಬಂತು. ಕಾಕಾ ಹುಬ್ಬು ಗಂಟಿಕ್ಕಿ ಕೇಳಿದರು. ಬಳಿಕ ತಮಗೆ ತಾವೇ ಪ್ರಶ್ನೆ ಹಾಕಿಕೊಂಡರು: "ಹೇಳಾವ ಎಲ್ಲಿ ಕುಂತಾನ?" ತಾವೇ ಉತ್ತರಿಸಿದರು: "ರಾಮಥಾಳದಾಗ ಕುಂತಾನ."

ಇದು ಕಾಕಾನ ಅಳತೆಗೋಲು. ದನಿ ಎಷ್ಟು ಕ್ಷೀಣವೋ ಊರು ಅಷ್ಟು ದೂರ. ಹನ್ನೆರಡು ರೂಪಾಯಿಯದನ್ನು ಇಟ್ಟುಕೊಂಡಾಗ ಹೇಳುವವನು ಶಿರೂರಿಗೆ ಹೋಗಿಬಿಟ್ಟಿದ್ದ. ಕಾಕಾ ಕೆರಳಿದರು. "ಎಂಟು ರೂಪಾಯಿ ಹೆಚ್ಚಿಗಿ ಕೊಟ್ಟು ಅವನ್ನ ಮತ್ತಷ್ಟು ದೂರ ಕಳಸ್ಲೇನು?"

"ನನಗ ಖಣಖಣ ಕೇಳಸ್ತೈತ್ರಿ ಯಜಮಾನ್ರ!" ಅಂಗಡಿಯವನು ತನ್ನ ಕಿವಿಗೆ ಇಟ್ಟುಕೊಂಡು ಗೋಗರೆದ.

"ನಿನ್ನ ಮಾಲು ನಿನಗ ಕೇಳಸದ ಇರ್ತೈತೇನು?"

ನಾನೊಮ್ಮೆ ಕೇಳಿ ನೋಡುತ್ತೇನೆಂದು ಕೈ ಚಾಚಿದರೆ ಕಾಕಾ ಕೈಗೆ ಹೊಡೆದರು. "ಒಬ್ಬರ ಕಿವಿಯಾಗಿಂದು ಇನ್ನೊಬ್ಬರ ಕಿವಿಯಾಗ ಹಾಕಬಾರದು, ಮಾಸ್ತರಾಗಿ ಇಷ್ಟೂ ತಿಳಿಯೂದಿಲ್ಲ?" ಹೀಗಾಗಿ ಸಾಕ್ಷಿದಾರನಾದ ನಾನು ಹನ್ನೊಂದರಲ್ಲಿ ಒಂದನ್ನೂ ಕೇಳಲಿಲ್ಲ.

ಇಳಕಲ್ಲಿನಲ್ಲಿ ಮೂರು, ಹುನಗುಂದದಲ್ಲಿ ಮೂರು. ಬಾದಾಮಿಗೆ ಹೊರಟಾಗ ನನಗೆ ಗುಹೆಗಳನ್ನು ನೋಡುವ ಆಸೆಯಿತ್ತು. ನೋಡಿದ್ದು ಎರಡು ಇಯರ್‌ಫೋನು! ಒಂದರಲ್ಲಿ ಹೇಳುವವನು ಬೇವೂರಿನಲ್ಲಿದ್ದ. ಇನ್ನೊಂದರಲ್ಲಿ ಅವನು ಇನ್ನೂ ಹುಟ್ಟಿರಲೇ ಇಲ್ಲವಂತೆ. ಮರಳುವಾಗ ಬಲಗಡೆಯಿಂದ ಟಾಂಗಾದವನು ಅರಚುತ್ತ ಬಂದರೆ ಕಾಕಾ ಗಂಭೀರವಾಗಿ ಎಡಕ್ಕೆ ನೋಡುತ್ತ ನಿಂತರು. ನಾನು ತೋಳು ಹಿಡಿದು ಎಳೆದೆ. ಇಯರ್‌ಫೋನಿನ ಚಿಂತೆಯಲ್ಲಿ ಜಗತ್ತನ್ನೇ ಮರೆತಿದ್ದಾರೆ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಮಾಸ್ತರನ ಬುದ್ಧಿ!

ಎರಡು ತಿಂಗಳಾಯಿತು. ಕೂಸು ಮಗ್ಗುಲಾಗತೊಡಗಿತು, ಕಾಕಾ ಸೊರಗತೊಡಗಿದರು. ಸುದ್ದಿಯಿಲ್ಲದೆ ಊಟ ಸೇರದು; ಕೊಟ್ಟ ಮಾತು ಮುರಿಯುವಂತಿಲ್ಲ; ಮೂಕ ಮಾಲಿಗೆ "ಇರ್ಲಿ" ಎನ್ನುವಂತೆಯೂ ಇಲ್ಲ. ಉಳಿದದ್ದು ಬಾಗಲಕೋಟೆ. ಈ ಸಲ ಕಾಕು ತಾವೂ ಬರುವೆನೆಂದು ಹಟ ಹಿಡಿದರು. ಬಸ್ಸಿನಲ್ಲಿ ಶಾಸ್ತ್ರೋಕ್ತವಾಗಿ ಎಡಕ್ಕೆ ಕುಳಿತರು.

ಬಾಗಲಕೋಟೆಯ ಅಂಗಡಿಯವರು ಬಹಳ ಸಮಾಧಾನದ ಮನುಷ್ಯ. ಮೌನ, ಜಗ್ಗುವಿಕೆ, ರೊಟ್ಟಿ, ಧಾರಣೆ ಎಲ್ಲವನ್ನೂ ಸಹಿಸಿದರು. ಒಂಬತ್ತು, ಹತ್ತು, ಹನ್ನೊಂದು, ಮೂರೂ ಬಿದ್ದುಹೋದವು. ಆಗ ಅವರು ಗಾಜಿನ ಕಪಾಟಿನಿಂದ ಹೊಸ ಪದಾರ್ಥವೊಂದನ್ನು ತೆಗೆದರು. ಮುಂಬಯಿಯಿಂದ ತರಿಸಿದ್ದಂತೆ. ಅಂಗೈಯಲ್ಲಿ ಹಿಡಿಯುವ ಟೇಪು, ಅದಕ್ಕೆ ತಲೆಯ ಮೇಲಿಂದ ಹಾಯುವ ಒಂದು ತೆಳುವಾದ ಪಟ್ಟಿ, ಎರಡು ತುದಿಗೆ ಎರಡು ಸ್ಪಂಜಿನ ಬಿಲ್ಲೆ.

"ಇದು ಎರಡೂ ಕಿವಿದ್ರಿ. ಕೊಳ್ಳಬ್ಯಾಡ್ರಿ, ಸುಮ್ಮನ ಕೇಳಿ ನೋಡ್ರಿ."

ಕುತೂಹಲ ಗೆದ್ದಿತು. ಟೋಪಿ ತೆಗೆದು ಕಾಕಾ ಅದನ್ನು ಕಿರೀಟದಂತೆ ಧರಿಸಿದರು. ಯಾವುದೋ ಪ್ರವಚನದ ಟೇಪು ತಿರುಗಿತು. ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖ ಅರಳಿತು.

"ಆಹಾ! ಎಡದಾಗ ಹೇಳಾವ ಇಲ್ಲೇ ಕುಂತಾನಲೇ ತಮ್ಮಾ!" ಮರುಕ್ಷಣ ಹುಬ್ಬು ಗಂಟಿಕ್ಕಿತು. "ಬಲದಾಗ ಯಾರೂ ಇಲ್ಲ. ಅರ್ಧಾ ಮಾಲು ಕೆಟ್ಟೈತಿ."

"ಇರಾಕಿಲ್ರಿ. ತಿರುಗಿಸಿ ಹಾಕಿ ನೋಡೂಣು," ಅಂಗಡಿಯವರು ಕೈ ಮುಂದೆ ಮಾಡಿದರು. "ಎಡಕ್ಕಿದ್ದದ್ದು ಬಲಕ್ಕ ಬರ್ತೈತಿ, ಬಲಕ್ಕಿದ್ದದ್ದು ಎಡಕ್ಕ."

"ಬ್ಯಾಡ್ರಿ!" ಕಾಕು ಥಟ್ಟನೆ ಅಂದರು. "ಬಸ್ಸಿಗೆ ಹೊತ್ತಾತು. ನಡೀರಿ ಹೋಗೂಣು."

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅಷ್ಟರಲ್ಲಿ ಅಂಗಡಿಯವರು ತಿರುಗಿಸಿ ಹಾಕಿಯೇಬಿಟ್ಟಿದ್ದರು.

"ಈಗೂ ಎಡದಾಗ ಬರ್ತೈತಿ," ಎಂದರು ಕಾಕಾ. "ಬಲದಾಗ…"

ಮೂವತ್ತು ವರ್ಷ ಪರೀಕ್ಷೆ ಮಾಡಿದವರಿಗೆ, ದೋಷ ಮಾಲಿನ ಸಂಗಡ ತಿರುಗದಿದ್ದರೆ ಅದು ಎಲ್ಲಿದೆ ಎಂದು ಬೇರೆಯವರು ಹೇಳಬೇಕೇ? ಮೆಲ್ಲಗೆ ಕೈ ಎತ್ತಿ ತಮ್ಮ ಬಲಗಿವಿಯ ಬುಡದಲ್ಲಿ, ಕಿವಿಯೂ ಕೆನ್ನೆಯೂ ಕೂಡುವ ಕಡೆ, ಎರಡು ಬೆರಳಿಟ್ಟರು. ಕಣ್ಣು ಮುಚ್ಚಿದರು. ಜಗ್ಗಲಿಲ್ಲ.

ಬಳಿಕ ಅದನ್ನು ತೆಗೆದು, ಧೋತರದ ಚುಂಗಿನಿಂದ ಒರೆಸಿ, ಎರಡೂ ಕೈಯಿಂದ ಗಾಜಿನ ಮೇಲೆ ಇಟ್ಟರು. "ಮಾಲು ಚಲೋ ಐತ್ರಿ," ಎಂದರು. "ನಿಮ್ಮ ಮೂರೂ ಚಲೋ ಅದಾವ್ರಿ."

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದಮೇಲೆ ಎಡಕ್ಕೆ ತಿರುಗಿ ಕೇಳಿದರು: "ನಿನಗ ಗೊತ್ತಿತ್ತೇನು?"

"ಏನ್ರಿ?"

"ಎಷ್ಟ್ ವರ್ಷ ಆತು, ನೀ ಎಡಕ್ಕ ನಡ್ಯಾಕ ಹತ್ತಿ?"

ಕಾಕು ಸೆರಗು ಸರಿಮಾಡಿಕೊಂಡರು. "ಶಾಸ್ತ್ರ ಐತ್ರಿ ಅದು," ಎಂದರು.

ಎರಡು ತಾಸಿನ ಪೈಕಿ ಒಂದನ್ನು ದವಾಖಾನೆಯಲ್ಲಿ ಕಳೆದೆವು. ಡಾಕ್ಟರರು ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಬಲಗಿವಿ ಹೋಗಿ ವರ್ಷಗಳಾಗಿವೆ, ಇನ್ನು ಮರಳದು ಎಂದರು. ಬಸ್ಸಿನಲ್ಲಿ ನಾನೇ ಧೈರ್ಯ ಮಾಡಿ, "ಎಡಗಿವಿಗೆ ಹಾಕ್ಕೊಂಡ್ರಾತಲ್ರಿ ಕಾಕಾ," ಎಂದೆ. ಕಾಕಾ ಕಿಟಕಿಯ ಆಚೆ ನೋಡುತ್ತ ಹೇಳಿದರು:

"ಅದನ್ನ ಆವಾಗಲೇ ಕೊಟ್ಟಬಿಟ್ಟೇನಲ್ಲೋ ತಮ್ಮಾ."

ಮುಂದಿನ ಎರಡು ರವಿವಾರ ಹಿಂದೆಂದೂ ಯಾವ ನ್ಯಾಯಾಧೀಶರೂ ಮಾಡದ ಕೆಲಸವನ್ನು ಕಾಕಾ ಮಾಡಿದರು. ಬಾದಾಮಿ, ಹುನಗುಂದ, ಇಳಕಲ್ಲುಗಳಿಗೆ ಖುದ್ದಾಗಿ ಹೋಗಿ, ಅಂಗಡಿ ಅಂಗಡಿಯಲ್ಲಿ ನಿಂತು, ತಮ್ಮ ತೀರ್ಪುಗಳನ್ನು ಹಿಂದಕ್ಕೆ ಪಡೆದರು. "ನಿನ್ನ ಮಾಲು ಮೂಕ ಅಲ್ಲಪಾ. ಕೇಳಾವ ಕಿವುಡ ಇದ್ದ." ಕಟ್ಟಕಡೆಗೆ ಇಳಕಲ್ಲಿನ ಆ ಮೊದಲ ಅಂಗಡಿಯಲ್ಲಿ ನಾಲ್ಕು ರೂಪಾಯಿ ಎಣಿಸಿ ಇಟ್ಟರು.

"ಇದು ರಾಮಥಾಳದ್ದಲ್ರಿ ಯಜಮಾನ್ರ?" ಅಂಗಡಿಯವನು ಅನುಮಾನಿಸಿದ.

"ರಾಮಥಾಳದ್ದ ಬೇಕು. ಎಲ್ಲಾದರಕಿಂತ ಅದರ ಜೋಡಣಿ ಗಟ್ಟಿ ಐತಿ."

ಯಾವ ಕಿವಿಗೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗೊತ್ತಾದದ್ದು ಒಂದು ವಾರದ ಮೇಲೆ, ಮಧ್ಯಾಹ್ನದ ಊಟಕ್ಕೆ ಹೋದಾಗ. ನಡುಮನೆಯಲ್ಲಿ ಕಾಕಾ ತಾಟಿನ ಮುಂದೆ ಕುಳಿತಿದ್ದಾರೆ. ಅವರ ಎಡಕ್ಕೆ ಕಾಕು. ಟ್ರಾನ್ಸಿಸ್ಟರು ಕಾಕುವಿನ ತೊಡೆಯ ಮೇಲೆ, ಇಯರ್‌ಫೋನು ಕಾಕುವಿನ ಕಿವಿಯಲ್ಲಿ! ಕಾಕಾ ಕಟಂ ಎಂದು ರೊಟ್ಟಿ ಕಡಿಯುತ್ತಿದ್ದಾರೆ, ಕಾಕು ಅವರ ಕಿವಿಯತ್ತ ಬಾಗಿ ಹೇಳುತ್ತಿದ್ದಾರೆ: "ಹತ್ತಿ ಇಳದೈತಿ ಅಂತ. ಶೇಂಗಾ ಏರೇತಂತ, ನಾ ಆವತ್ತ ಹೇಳಿದ್ದೆ ತಂದಿಡ್ರಿ ಅಂತ, ನೀವ್ ಕೇಳಲಿಲ್ಲ. ದಿಲ್ಲಿಯಾಗ ಯಾರೋ ಮಂತ್ರಿ ಏನೋ ಅಂದಾನ, ಅದು ನಿಮಗ ಬ್ಯಾಡ ಬಿಡ್ರಿ, ಪಲ್ಯ ಹಾಕೋರಿ."

ನಡುಗೋಡೆಯ ಆಚೆ ಕೂಸು ನಿದ್ದೆ ಹೋಗಿತ್ತು.

ನಾನು ನಗು ತಡೆದು, ಹಳೆಯ ಸಾಕ್ಷಿದಾರನ ಗಾಂಭೀರ್ಯದಲ್ಲಿ ಕೇಳಿದೆ: "ಮಾಲು ಹೆಂಗೈತ್ರಿ ಕಾಕಾ?"

"ನಡುನಡುವ ತನ್ನವೂ ನಾಕು ಮಾತು ಸೇರಸ್ತೈತಿ," ಎಂದರು ಕಾಕಾ. "ಇರ್ಲಿ."

"ಮತ್ತ ಹೇಳಾವ ಎಲ್ಲಿ ಕುಂತಾನ್ರಿ?"

ಕಾಕಾ ಇನ್ನೊಂದು ಚೂರು ರೊಟ್ಟಿ ಮುರಿದರು.

"ಹೇಳಾವ ಅಲ್ಲಲೇ, ಹೇಳಾಕಿ. ಮಗ್ಗಲದಾಗ ಕುಂತಾಳ."