ಭಾವನ ಹಾಯಿದೋಣಿ, ಹನ್ನೊಂದು ಲೋಟ ಗಹ್ವಾ

ನಮ್ಮ ಭಾವನಷ್ಟು ಚೆನ್ನಾಗಿ ದಾರಿ ತಪ್ಪುವವರು ಈ ಇಡೀ ಎಮಿರೇಟ್ಸ್‌ನಲ್ಲಿ ಇನ್ನೊಬ್ಬರಿಲ್ಲ! ಮಾಲ್‌ನ ಪಾರ್ಕಿಂಗ್‌ನಲ್ಲಿ ಕಾರು ಹುಡುಕುತ್ತಾ ಹೋಗಿ ಇನ್ನೊಂದು ಮಾಲ್‌ನಲ್ಲಿ ಹೊರಬಿದ್ದವರು. ಅಂಥವರ ಕೈಗೆ ಸಹೋದ್ಯೋಗಿಯೊಬ್ಬ ತನ್ನ ಹಳೆಯ ಹಾಯಿದೋಣಿಯನ್ನು ಒಪ್ಪಿಸಿ ದೇಶ ಬಿಟ್ಟ. ಆತನಿಗೆ ನಮ್ಮ ಮೇಲೆ ಯಾವ ಜನ್ಮದ ಸಿಟ್ಟೋ!

ರುವೈಸ್‌ನ ಕಂಪನಿ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ದುಡಿದ ಭಾವನ ವೀಸಾ ಮುಂದಿನ ತಿಂಗಳು ಖಲಾಸ್. ಅಕ್ಕ ಊರಿಗೆ ಗಂಟುಮೂಟೆ ಕಟ್ಟುತ್ತಿದ್ದಾಗ ಅವರು ಘೋಷಿಸಿದರು, "ದ್ವೀಪಗಳಿಗೆ ಹೋಗಿ ಇಲ್ಲಿಯ ಮೂಲದವರನ್ನು ನೋಡ್ಬೇಕು."

"ಸಿಗ್ನಲ್ಲಲ್ಲಿ ದಿನಾ ನೋಡ್ತೀರಲ್ಲ?" ಎಂದಳು ಅಕ್ಕ.

"ಕಾರಿನ ಗಾಜಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಮಾರಾಯ್ತಿ. ಇಷ್ಟು ವರ್ಷದಲ್ಲಿ ಒಬ್ಬರ ಮನೆಯೊಳಗೆ ಕೂತು ಒಂದು ಗುಟುಕು ನೀರು ಕುಡೀಲಿಲ್ಲ. ಹಾಗೇ ಊರಿಗೆ ಹೋಗುವುದಾ?"

ಅಕ್ಕನಿಗೆ ದೋಣಿಯೆಂದರೆ ತಲೆಸುತ್ತು. ಹಾಗಾಗಿ ಅಲ್ ರೀಮ್‌ನ ಹದಿನೆಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಹಾಯಾಗಿದ್ದ ತಂಗಿಯಾದ ನನ್ನನ್ನು ಜೊತೆಗೆ ಅಟ್ಟಿದಳು. ದೋಣಿ ನಡೆಸಲು ಬರುತ್ತದಾ ಎಂದು ಕೇಳಿದೆ. "ನಾವು ಮಲ್ಪೆಯವರು!" ಎಂದರು. ಮಲ್ಪೆಯಲ್ಲಿ ಅವರ ತಂದೆಗಿದ್ದದ್ದು ಹೊಲಿಗೆ ಅಂಗಡಿ!

ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂದು ಮೂರು ಪ್ಯಾಕೆಟ್ ಬಾಳೆಕಾಯಿ ಚಿಪ್ಸ್ ಹಿಡಿದುಕೊಂಡಿದ್ದರು. ಮೊದಲ ದ್ವೀಪದಲ್ಲಿ ಒಬ್ಬ ಓಡಿಬಂದ. ಭಾವ ಚಿಪ್ಸ್ ಚಾಚಿ, ಹಿಂದಿಯಲ್ಲಿ, "ನೀವು ಇಲ್ಲಿಯವರೇ?" ಎಂದರು. ನಾವಿಬ್ಬರು ಕನ್ನಡದಲ್ಲಿ ಮಾತಾಡಿದ್ದನ್ನು ಆತ ಆಗಲೇ ಕೇಳಿಸಿಕೊಂಡಿದ್ದ. "ನಾ ಕಲಬುರಗಿಯಾಂವರಿ ಸರ. ಕೆಲಸ ನಡದದ, ಹೆಲ್ಮೆಟ್ ಇಲ್ದ ಒಳಗ ಬರಬ್ಯಾಡ್ರಿ!"

ಎರಡನೆಯದರಲ್ಲಿ ಹೋಟೆಲು. ಫಿಲಿಪೀನ್ಸ್‌ನ ಹುಡುಗಿ ನಗುತ್ತಾ ರೂಮ್ ನಂಬರ್ ಕೇಳಿದಳು. ಆ ಎರಡು ದ್ವೀಪಗಳ ಪಾಲಿನ ಎರಡು ಪ್ಯಾಕೆಟ್ ಚಿಪ್ಸ್ ದೋಣಿಯಲ್ಲಿ ನಾವೇ ತಿಂದೆವು.

ಮೂರನೆಯದು ಯಾವ ದ್ವೀಪವೋ, ಇವತ್ತಿಗೂ ನನಗೆ ತಿಳಿಯದು. ನೀರು ಇಳಿದು ದೋಣಿ ಮರಳಿನ ಮೇಲೆ ಕೂತಿತು. ದಿಕ್ಕು ಯಾವುದು? ಭಾವ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಇಲ್ಲಿಯವರ ಬಿಳಿಯ ನಿಲುವಂಗಿ ಕಂದೂರಾ ತೊಟ್ಟ ಮುದುಕರೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದರು. ಅರಬ್ಬಿಯಲ್ಲಿ ವಾರಗಟ್ಟಲೆ ಉರುಹೊಡೆದಿದ್ದನ್ನೆಲ್ಲ ಮರೆತ ಭಾವ ತುಳುವಿನಲ್ಲಿ ಶುರುಮಾಡಿಬಿಟ್ಟರು! ಮುದುಕರು ಒಳ್ಳೆಯ ಹಿಂದಿಯಲ್ಲಿ, "ನೀರು ಏರಲಿ. ಅಲ್ಲಿವರೆಗೆ ಮನೆಗೆ ಬನ್ನಿ," ಎಂದರು.

ಒಳಗೆ ಗೋಡೆಗೆ ಮೀನಿನ ಬಲೆ, ನೆಲಕ್ಕೆ ಜಮಖಾನೆ. ಉಳಿದಿದ್ದ ಒಂದು ಪ್ಯಾಕೆಟ್ ಚಿಪ್ಸನ್ನು ಭಾವ ಅವರ ಕೈಗಿತ್ತರು. ಖರ್ಜೂರ ಬಂತು. ಬೆರಳುದ್ದದ ಲೋಟದಲ್ಲಿ ಏಲಕ್ಕಿ ಘಮದ ಅರಬ್ಬಿ ಕಾಫಿ, ಗಹ್ವಾ ಬಂತು. ಕುಡಿದು ಮುಗಿಸಿದರೆ ಮತ್ತೆ ತುಂಬಿತು. ಮತ್ತೆ ಮುಗಿಸಿದರೆ ಮತ್ತೆ! ಬಡಿಸಿದ್ದನ್ನು ಬಿಡಬಾರದು ಎನ್ನುವುದು ನಮ್ಮ ಸಂಸ್ಕಾರ. ಖಾಲಿ ಲೋಟ ಕಂಡರೆ ಸುರಿಯುವುದು ಅವರದ್ದು. ಏಳನೆಯದಕ್ಕೆ ನನ್ನ ಎದೆ ಢವಗುಟ್ಟಿತು. ಹತ್ತನೆಯದಕ್ಕೆ ಭಾವನ ಕಣ್ಣು ತೇಲತೊಡಗಿತು.

ಮುದುಕರಿಗೂ ಗೊಂದಲ. "ಈ ದೇಶದಲ್ಲಿ ಎಷ್ಟು ವರ್ಷ?"

"ಮೂವತ್ತೊಂದು."

"ಯಾರೂ ನಿನಗೆ ಹೇಳಿಕೊಡಲಿಲ್ಲವಾ?"

ಅವರು ನಗಲಿಲ್ಲ. ಭಾವನ ಕೈಹಿಡಿದು ಖಾಲಿ ಲೋಟವನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದರು. ಸಾಕು ಎನ್ನಲು ಅಷ್ಟೇ ಸಾಕಂತೆ. ನನಗೇಕೋ ನಾಚಿಕೆಯಾಯಿತು, ದುಃಖವೂ ಆಯಿತು. ನಾನು ಕೂಡಲೇ ನನ್ನ ಲೋಟ ಅಲ್ಲಾಡಿಸಿ ಕೆಳಗಿಟ್ಟೆ.

ಹೊರಗೆ ನೀರು ಏರಿ ದೋಣಿ ತೇಲುತ್ತಿತ್ತು. ಭಾವನ ಲೋಟ ಇನ್ನೂ ಚಾಚಿಯೇ ಇದ್ದದ್ದು ಕಂಡು ಮುದುಕರು ಹನ್ನೊಂದನೆಯದನ್ನು ಸುರಿದರು. ಭಾವ ಕುಡಿದು, ಲೋಟವನ್ನು ಹಾಗೇ ಮುಂದೆ ಹಿಡಿದರು.

"ಭಾವ, ಅಲ್ಲಾಡಿಸಿ!" ಎಂದು ಪಿಸುಗುಟ್ಟಿದೆ.

"ಗೊತ್ತಾಯ್ತು ಮಾರಾಯ್ತಿ," ಎಂದರು ಭಾವ. ಅವರ ಕೈ ಮಾತ್ರ ಅಲ್ಲಾಡಲಿಲ್ಲ.