ಗೇಟಿನ ಕಾವಲು

ಆ ಆದಿತ್ಯವಾರ ಬೆಳಿಗ್ಗೆ ಪೋಕರನ ತಾಯಿ ಹವ್ವಮ್ಮ ಆಲಂಕಾರು ಪೇಟೆಯಲ್ಲಿ ಮನೆದಾರಿ ಮರೆತು ನಿಂತರು, ಅಷ್ಟೇ. ಚಹಾ ಆರುವ ಮೊದಲು ಊರಿಡೀ ಸುದ್ದಿ. ನೆರೆಮನೆಯ ಝುಲೈಖಾ ಕಿತ್ತಳೆ, ಬ್ರೆಡ್ಡು ಹಿಡಿದು ಬಂದೇಬಿಟ್ಟಳು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಕ್ರಮ ಈ ಊರಲ್ಲಿಲ್ಲ.

ಪೋಕರನಿಗೆ ನಾಚಿಕೆಯಲ್ಲಿ ತಲೆಯೆತ್ತಲಾಗಲಿಲ್ಲ. ಸಂಜೆ ಮಗಳು ಆಫ್ರಾಳನ್ನು ನೋಡಲು ಕೊಯಿಲದಿಂದ ಗಂಡಿನ ಕಡೆಯವರು ಬರುವವರು. ಮರೆವಿನ ಕಾಯಿಲೆ ಮನೆತನದಲ್ಲೇ ಉಂಟೆಂದು ತಿಳಿದರೆ ಸಂಬಂಧ ಮುರಿದ ಹಾಗೆಯೇ.

"ಎಂತಕ್ಕೆ ಬಂತು ಇದು ಉಮ್ಮನಿಗೆ?" ಎಂದು ಮಗಳನ್ನು ಕೇಳಿದ. ಅವಳು ಮಂಗಳೂರಲ್ಲಿ ಓದುತ್ತಿದ್ದದ್ದು ಮೆದುಳಿನ ವಿಷಯವನ್ನೇ.

"ಮೆದುಳಲ್ಲಿ ಕಾವಲು ಕಣಗಳು ಉಂಟು ಉಪ್ಪಾ, ಮೈಕ್ರೋಗ್ಲಿಯಾ ಅಂತ. ಕಸ ತೆಗೆಯುದು, ರೋಗಾಣು ಓಡಿಸುದು ಅವುಗಳ ಕೆಲಸ. ಕೆರಳಿ ಕೆರಳಿ ಹದ ತಪ್ಪಿದರೆ ಒಳ್ಳೆ ನರಗಳ ಜೋಡಣೆಯನ್ನೂ ತಿಂತವೆ. ಈ ಮರೆವಲ್ಲಿ ಅವುಗಳ ಪಾಲೂ ಉಂಟು."

"ಒಳ್ಳೆ ಕಾವಲು!" ಎಂದು ಗೊಣಗಿ ಪೋಕರ್, ಉಮ್ಮನನ್ನು ನೋಡಲು ಬರುವವರನ್ನು ತಡೆಯಲು ಗೇಟಿನಲ್ಲಿ ಕುರ್ಚಿ ಹಾಕಿ ಕುಳಿತ. ಕೃಷ್ಣಮೋಹನ ಮಾಸ್ಟ್ರು ಹಾರ್ಲಿಕ್ಸ್ ತಂದರು. ಬಾಟಲಿ ಸಮೇತ ವಾಪಸ್ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ಕಾರಿನಿಂದ ಗುರುತಿಲ್ಲದ ಹೆಂಗಸರಿಬ್ಬರು ಇಳಿದರು. ಕೈಯಲ್ಲಿ ಮತ್ತದೇ ಕಿತ್ತಳೆ!

"ಅಜ್ಜಿಗೆ ಹೇಗುಂಟು ಈಗ?" ಎಂದರು ಹಿರಿಯಾಕೆ.

ಪೋಕರನ ಪಿತ್ತ ನೆತ್ತಿಗೇರಿತು. "ಇಲ್ಲಿ ಯಾರಿಗೂ ಎಂತದ್ದೂ ಆಗ್ಲಿಲ್ಲ! ನಿಮಗೆ ಬೇರೆ ಕೆಲಸ ಇಲ್ವಾ? ಹೋಗಿ, ಹೋಗಿ!"

ಅವರು ಮುಖಮುಖ ನೋಡಿಕೊಂಡು ಕಾರು ಹತ್ತಿದರು. ಸ್ವಲ್ಪದರಲ್ಲೇ ಮದುವೆ ದಲ್ಲಾಳಿ ಸುಲೈಮಾನನ ಫೋನು.

"ಎಂತ ಮಾರಾಯ್ರೆ, ಗಂಡಿನ ತಾಯಿಯನ್ನೇ ಓಡಿಸಿದ್ರಂತೆ! ಕರೆದದ್ದೇ ಮರೆತುಹೋಯ್ತಾ?"

ಪೋಕರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೇಕೆಂದೇ ಓಡಿಸಿದೆ ಎಂದರೆ ಮರ್ಯಾದೆ ಹೋಯಿತು; ಉಮ್ಮನ ವಿಷಯ ಬಾಯಿಬಿಟ್ಟರೆ ಸಂಬಂಧ ಹೋಯಿತು.

"ಹೌದು ಮಾರಾಯ, ನನಗೇ ಸ್ವಲ್ಪ ಮರೆವು. ಪುತ್ತೂರು ಡಾಕ್ಟ್ರು ಮದ್ದು ಕೊಟ್ಟಿದ್ದಾರೆ, ಗುಣ ಆಗ್ತದೆ," ಎಂದುಬಿಟ್ಟ.

ಹಿಂದೆ ನಿಂತಿದ್ದ ಆಫ್ರಾ ಹಣೆ ಚಚ್ಚಿಕೊಂಡಳು. "ಅಯ್ಯೋ ಉಪ್ಪಾ! ಅಜ್ಜಿಗೆ ಮರೆವು ಶುರುವಾದ ವಿಷಯ ನಾನು ಅವರಿಗೆ ಮೊದಲೇ ಹೇಳಿದ್ದೆ. 'ಪ್ರಾಯ ಆದವರಿಗೆ ಆಗ್ತದೆ, ಅದಕ್ಕೆಂತ' ಅಂದಿದ್ರು. ಬೆಳಗಿನ ಸುದ್ದಿ ಕೇಳಿ ಅಜ್ಜಿಯನ್ನು ನೋಡ್ಲಿಕ್ಕೆ ಅಂತಲೇ ಬೇಗ ಬಂದದ್ದು!"

ಪೋಕರ್ ಗಾಬರಿಯಲ್ಲಿ ಸುಲೈಮಾನನಿಗೆ ಫೋನು ತಿರುಗಿಸಿದ. ಎಂಗೇಜು. ಮತ್ತೊಮ್ಮೆ ಮಾಡಿದ, ಆಗಲೂ ಎಂಗೇಜು.

ಅಷ್ಟರಲ್ಲಿ ಕಂಪೌಂಡಿನಾಚೆ ಝುಲೈಖಾಳ ತಲೆ ಕಾಣಿಸಿತು. ಚಿಕ್ಕಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕೇಳಿದಳು, "ಪೋಕರಿಚ್ಚಾ, ನಾನು ಯಾರು ಅಂತ ಗೊತ್ತಾಗ್ತದಾ?"

ಅವಮಾನದಲ್ಲಿ ಕುಗ್ಗಿಹೋಗಿ ಪೋಕರ್ ಹೇಳಿದ, "ಝುಲೈಖಾ."

"ಪಾಪ," ಎಂದು ಅವಳು ಹಿಂದೆ ನಿಂತವರ ಕಡೆ ತಿರುಗಿದಳು, "ಒಮ್ಮೊಮ್ಮೆ ನೆನಪಾಗ್ತದೆ."